ಮೂರು ಇಂಚು

ಅಪ್ಪನ ಮೊಣಕಾಲಿನ ಹಿಂಭಾಗದಿಂದ ನೆಲಕ್ಕೆ 17 ಇಂಚು. ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ಬಿಡಿಸಿ, ಟೇಪ್ ಹಿಡಿದು ಎರಡು ಸಲ ಅಳೆದೆ. "ಪ್ಯಾಂಟ್ ಹೊಲಿಸ್ತೀಯೋ, ಮಂಚ ಮಾಡಿಸ್ತೀಯೋ?" ಅಂತ ಅಪ್ಪ ಕೇಳಿದರು.

ಅವರಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ಬಿಡುವಾಗ ಫಿಸಿಯೋಥೆರಪಿ ಹುಡುಗಿ ಒಂದು ಮಾತನ್ನು ಮೂರು ಸಲ ಹೇಳಿದ್ದಳು. ಕೂತಾಗ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗಬಾರದು. ನಮ್ಮ ಮನೆಯ ಹಳೇ ಮಂಚ ನೆಲದಿಂದ ಒಂದೇ ಅಡಿ ಎತ್ತರ. ಅದರ ಮೇಲಿನ ಹತ್ತಿ ಹಾಸಿಗೆ ಮಲಗಿ ಮಲಗಿ ಜೋಳದ ರೊಟ್ಟಿಯಷ್ಟೇ ತೆಳ್ಳಗಾಗಿತ್ತು. ರಾತ್ರಿ ಅಪ್ಪ ಎದ್ದರೆ ನಾನೂ ಏಳಬೇಕು. ಕಂಕುಳಿಗೆ ಕೈ ಕೊಟ್ಟು ಎತ್ತಬೇಕು. ಅವರಿಗೆ ಅದು ನೋವಿಗಿಂತ ಜಾಸ್ತಿ ನಾಚಿಕೆ.

ದಸರಾ ರಜೆ ಇತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಅಳತೆ, ಲೆಕ್ಕ ಅಂದರೆ ನನ್ನ ಕೆಲಸ ಅಂದುಕೊಂಡೆ. ಅಪ್ಪ ಕೂರುವ ಎತ್ತರ 19 ಇಂಚು ಬೇಕು. ಹಾಸಿಗೆ 5 ಇಂಚು, ಕೂತಾಗ ಒಂದು ಇಂಚು ತಗ್ಗುತ್ತದೆ. ಹಾಗಾದರೆ ಹಲಗೆ ನೆಲದಿಂದ 15 ಇಂಚಿನಲ್ಲಿ ಇರಬೇಕು. ಒಂದು ಚೀಟಿಯಲ್ಲಿ ಇದನ್ನು ಬರೆದು, ಕೆಳಗೆ "78 × 36" ಅಂತ ಹಾಕಿ, ನಮ್ಮೂರ ಆಚಾರ್ರ ಕೈಗೆ ಕೊಟ್ಟೆ.

ಮರ ನಮ್ಮದೇ. ಎರಡು ವರ್ಷದ ಹಿಂದೆ ಮಳೆಗಾಲದ ಗಾಳಿಗೆ ಹಿತ್ತಿಲ ಹಲಸಿನ ಮರ ಬಿದ್ದಿತ್ತು. ಮಿಲ್ಲಿನಲ್ಲಿ ಒಂದೂಮುಕ್ಕಾಲು ಇಂಚಿನ ಹಲಗೆ ಸೀಳಿಸಿ, ನಡುನಡುವೆ ರೀಪು ಇಟ್ಟು, ಕೊಟ್ಟಿಗೆಯ ಅಟ್ಟದ ಮೇಲೆ ಪೇರಿಸಿಟ್ಟಿದ್ದೆವು. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ಆಚಾರ್ರ ಲೆಕ್ಕ.

ಸಾಗರ ಅಂದರೆ ಜನ ಗುಡಿಗಾರರ ಗಂಧದ ಕೆತ್ತನೆ ಅಂತಾರೆ. ನಮ್ಮ ಆಚಾರ್ರದು ಅಂಥ ಕುಸುರಿ ಅಲ್ಲ. ಬಾಗಿಲು, ಕಿಟಕಿ, ಮಂಚ, ಅಡಿಗೆಮನೆಯ ಕಪಾಟು. ಹೋದ ವರ್ಷ ಸಾಲ ಮಾಡಿ ಒಂದು ಮಲ್ಟಿಪರ್ಪಸ್ ಮೆಷಿನ್ ಹಾಕಿಸಿದ್ದಾರೆ. ಒಂದೇ ಕಬ್ಬಿಣದ ಮೇಜು. ಒಂದು ಕಡೆ ರಂದ ಹೊಡೆಯುತ್ತದೆ, ಇನ್ನೊಂದು ಕಡೆ ಗರಗಸ, ಪಕ್ಕದಲ್ಲಿ ತೂತು ಕೊರೆಯುವ ಚಕ್. ಎಲ್ಲಕ್ಕೂ ಒಂದೇ ಮೋಟಾರು, ಒಂದೇ ಬೆಲ್ಟು. "ನಾಲ್ಕು ಆಳಿನ ಕೆಲಸ ಮಾಡುತ್ತೆ ಮೇಷ್ಟ್ರೆ, ಕೂಲಿ ಕೇಳಲ್ಲ" ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ. ಕೂಲಿ ಕೇಳುವುದಿಲ್ಲ ನಿಜ. ಬೆಲ್ಟು ಕೇಳುತ್ತದೆ, ಬ್ಲೇಡು ಕೇಳುತ್ತದೆ.

ಆ ದಿನ ಅವರ ಬೆಲ್ಟು ಹರಿಯುವ ಹಾಗಾಗಿತ್ತು. ನನಗೆ ಹಾಸಿಗೆ ಬೇಕಿತ್ತು. ಇಬ್ಬರೂ ಬೆಳಗಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೊರಟೆವು. 70 ಕಿಲೋಮೀಟರ್ ದಾರಿ. ಆಚಾರ್ರು ಹಳೇ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡೇ ಕೂತಿದ್ದರು.

ಹಾಸಿಗೆ ಅಂಗಡಿಯಲ್ಲಿ ನನ್ನನ್ನು ಸುಮಾರು ಹೊತ್ತು ಮಲಗಿಸಿದರು. ಮೊದಲು ಮೆಮೊರಿ ಫೋಮ್. ಒಳ್ಳೇ ಕೆಸರುಗದ್ದೆಯಲ್ಲಿ ಹೂತ ಹಾಗೆ. ನನಗೇ ಮಗ್ಗುಲು ಬದಲಿಸುವುದು ಕಷ್ಟವಾಯಿತು, ಇನ್ನು ಅಪ್ಪ? ಆಮೇಲೆ ಸ್ಪ್ರಿಂಗು. ಮಲಗಲು ಚೆನ್ನಾಗಿತ್ತು. ಅಂಚಿನಲ್ಲಿ ಕೂತರೆ ಮಾತ್ರ ಕುಸಿದು ಮುಂದಕ್ಕೆ ಜಾರಿಸುತ್ತಿತ್ತು. ಕೀಲು ಬದಲಿಸಿಕೊಂಡವರಿಗೆ ಅಂಚೇ ಮುಖ್ಯ. ಏಳುವುದು, ಕೂರುವುದು, ಎರಡೂ ಅಲ್ಲೇ ತಾನೆ?

ಅಂಗಡಿಯ ಹುಡುಗ "ಇದು 40 ಡೆನ್ಸಿಟಿ ಸಾರ್, ತುಂಬಾ ಗಟ್ಟಿ" ಅಂತ ಇನ್ನೊಂದು ಫೋಮ್ ತೋರಿಸಿದ. ಡೆನ್ಸಿಟಿ ಅಂದರೆ ಗಟ್ಟಿತನ ಅಲ್ಲಪ್ಪ, ಒಂದು ಘನ ಮೀಟರಿಗೆ ಎಷ್ಟು ಕಿಲೋ ಅನ್ನುವ ಲೆಕ್ಕ ಅಷ್ಟೇ ಅಂದೆ. ಮೆತ್ತಗಿನ ಫೋಮಿಗೂ 40 ಇರಬಹುದು. ಬಿಲ್ಲಿನ ಹಿಂದೆ ಗುಣಿಸಿ ತೋರಿಸಿದೆ. 78, 36, 5 ಇಂಚಿನ ಹಾಸಿಗೆ ಅಂದರೆ 0.23 ಘನ ಮೀಟರ್. 40 ಡೆನ್ಸಿಟಿ ನಿಜವಾದರೆ ಕವರು ಬಿಟ್ಟು 9 ಕಿಲೋ ತೂಗಬೇಕು, 32 ಆದರೆ ಏಳೂಕಾಲು. "ತಕ್ಕಡಿ ಇದೆಯಾ?" ಅಂತ ಕೇಳಿದೆ. ಗಲ್ಲೆಯ ಮೇಲೆ ಕೂತಿದ್ದ ಯಜಮಾನರು ತಲೆ ಎತ್ತಿ, "ಸಾರ್, ನಾವು ಹಾಸಿಗೆ ಕಿಲೋ ಲೆಕ್ಕದಲ್ಲಿ ಮಾರಲ್ಲ" ಅಂದರು. ಆಚಾರ್ರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ಕೊನೆಗೆ ತೆಗೆದುಕೊಂಡಿದ್ದು ತೆಂಗಿನ ನಾರಿನದು. ನಾರಿಗೆ ರಬ್ಬರ್ ಹಾಲು ಹಾಕಿ ಒತ್ತಿರುತ್ತಾರೆ. ಬಿಗಿಯಾಗಿರುತ್ತದೆ, ಒಳಗೆ ಗಾಳಿ ಆಡುತ್ತದೆ. ಮಲೆನಾಡಿನಲ್ಲಿ ಗಾಳಿ ಆಡದ ಹಾಸಿಗೆ ಜೂನಿಂದ ಸೆಪ್ಟೆಂಬರ್ ಒಳಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮಂಚಕ್ಕೂ ಪ್ಲೈವುಡ್ ಬೇಡ, ಅಡ್ಡಪಟ್ಟಿ ಇರಲಿ ಅಂದಿದ್ದೆ. ಮೂರು ಇಂಚು ಅಗಲದ ಪಟ್ಟಿ, ನಡುವೆ ಸುಮಾರು ಎರಡು ಇಂಚು ಸಂದು.

ಉಳಿದ ಸಣ್ಣಪುಟ್ಟವೇ ತಲೆ ತಿಂದವು. ನೀರು ಇಳಿಯದ ಮೇಲುಹಾಸು ಬೇಕಿತ್ತು. ಮೊದಲು ಕೊಟ್ಟದ್ದು ಮುಟ್ಟಿದರೆ ಚಿಪ್ಸ್ ಪ್ಯಾಕೆಟ್ ಹಾಗೆ ಚರಚರ ಅನ್ನುತ್ತಿತ್ತು. ಅಪ್ಪ ಅದನ್ನು ಮೊದಲ ರಾತ್ರಿಯೇ ಕಿತ್ತು ಎಸೆಯುತ್ತಾರೆ. ಟವೆಲ್ ಬಟ್ಟೆಯ ಮೇಲ್ಮೈ ಇರುವುದು ಸಿಕ್ಕಿತು. ತಲೆದಿಂಬು ಎರಡು. ಒಂದು ತೆಳ್ಳಗಿನದು, ಅಂಗಾತ ಮಲಗುವವರಿಗೆ ಅಷ್ಟು ಸಾಕು. ಇನ್ನೊಂದು ದಪ್ಪನೆಯದು, ಅದು ತಲೆಗಲ್ಲ, ಎರಡು ಕಾಲಿನ ನಡುವೆ ಇಡಲು. ಅದನ್ನೂ ಫಿಸಿಯೋಥೆರಪಿ ಹುಡುಗಿಯೇ ಹೇಳಿದ್ದು. "78 ಬೈ 36, ಸ್ಟ್ಯಾಂಡರ್ಡ್ ಸೈಜ್" ಅಂತ ಹುಡುಗ ಬಿಲ್ ಬರೆದ. 75ರಲ್ಲೂ ಬರುತ್ತದೆ ಸಾರ್ ಅಂದಿದ್ದ. ನಾನು ಚೀಟಿ ನೆನಪಿಸಿಕೊಂಡು 78ಕ್ಕೇ ಅಂಟಿಕೊಂಡೆ.

ಅಲ್ಲಿಂದ ಮೆಷಿನ್ ಸಾಮಾನಿನ ಅಂಗಡಿ. ಇಲ್ಲಿ ನಗುವ ಸರದಿ ಆಚಾರ್ರದು ಅಲ್ಲ ಅಂದುಕೊಂಡಿದ್ದೆ. ಬೆಲ್ಟಿನ ಮೇಲಿನ ನಂಬರು ಪೂರ್ತಿ ಅಳಿಸಿಹೋಗಿತ್ತು. ಆಚಾರ್ರು ಜೇಬಿನಿಂದ ಗಂಟು ಹಾಕಿದ ದಾರ ತೆಗೆದರು. ಬೆಲ್ಟು ಓಡುವ ಎರಡು ಗಾಲಿಗೂ, ಅಂದರೆ ಪುಲ್ಲಿಗೂ, ಸುತ್ತಿ ಮನೆಯಲ್ಲೇ ಅಳೆದು ತಂದಿದ್ದರು. ಅಂಗಡಿಯವರು ದಾರ ಅಳೆದು, ಹಳೇ ಬೆಲ್ಟಿನ ಅಗಲ ನೋಡಿ, "ಬಿ 54" ಅಂದು ಒಂದನ್ನು ಮೊಳೆಯಿಂದ ಇಳಿಸಿದರು. 17 ಮಿಲಿಮೀಟರ್ ಅಗಲದ್ದು ಬಿ, 13ರದ್ದು ಎ, ಪಕ್ಕದ ನಂಬರು ಇಂಚಿನಲ್ಲಿ ಬೆಲ್ಟಿನ ಉದ್ದ. ಎರಡು ನಿಮಿಷದ ಕೆಲಸ.

ಬ್ಲೇಡು ಆರಿಸುವಾಗ ನಾನು ಬಾಯಿ ಹಾಕಿದೆ. 10 ಇಂಚಿನ ಬ್ಲೇಡುಗಳು 24 ಹಲ್ಲು, 40 ಹಲ್ಲು, 80 ಹಲ್ಲು ಅಂತ ಸಾಲಾಗಿ ತೂಗುತ್ತಿದ್ದವು. 80 ತಗೊಳ್ಳಿ, ಹಲ್ಲು ಜಾಸ್ತಿ ಇದ್ದರೆ ನುಣುಪಾಗಿ ಬರುತ್ತಲ್ವಾ ಅಂದೆ.

"ಅಡ್ಡ ಕತ್ತರಿಸೋಕೆ ಸರಿ ಮೇಷ್ಟ್ರೆ. ಉದ್ದಕ್ಕೆ ಸೀಳುವಾಗ ನಾರಿನ ಜೊತೆ ಹೋಗಬೇಕು, ಹೊಟ್ಟು ರಾಶಿ ಬೀಳುತ್ತೆ. ಹಲ್ಲಿನ ಸಂದಿಯಲ್ಲಿ ಜಾಗ ಇಲ್ದಿದ್ರೆ ಅದು ಹೋಗೋದೆಲ್ಲಿ? ಮರ ಸುಟ್ಟು ಕಪ್ಪಾಗುತ್ತೆ" ಅಂದರು. 24ರದ್ದನ್ನೇ ತೆಗೆದುಕೊಂಡರು. ನಡುವಿನ ತೂತು 30 ಮಿಲಿಮೀಟರ್, ಅವರ ಮೆಷಿನ್ನಿನ ಶಾಫ್ಟು ಒಂದು ಇಂಚು, ಅಂದರೆ 25.4. ಡಬ್ಬಿಯೊಳಗೆ ತೆಳ್ಳನೆಯ ಉಂಗುರ ಇದೆಯಾ ಅಂತ ತೆರೆದು ನೋಡಿಯೇ ದುಡ್ಡು ಕೊಟ್ಟರು. ಆ ಉಂಗುರ ಕಳೆದರೆ ಬ್ಲೇಡು ಸರಿಯಾಗಿ ನಡುವಿಗೆ ಕೂರುವುದಿಲ್ಲ, ತಿರುಗುವಾಗ ಅದುರುತ್ತದೆ.

ಅಡಿಕೆ ಇಳಿಸಿ ವಾಪಸ್ ಹೊರಟಿದ್ದ ಪರಿಚಯದವರ ಗೂಡ್ಸ್ ಗಾಡಿ ಸಿಕ್ಕಿತು. ಹಾಸಿಗೆ ಹಿಂದೆ, ನಾವು ಮುಂದೆ. ಮೂರು ಗಂಟೆಗೆ ಊರಲ್ಲಿದ್ದೆವು.

ಮಂಚದ ಚೌಕಟ್ಟು ಶೆಡ್ಡಿನಲ್ಲಿ ನಿಂತಿತ್ತು. ರಂದ ಹೊಡೆದ ಹಲಸು ಅರಿಶಿನದ ಬಣ್ಣ. ಇನ್ನು ಅಡ್ಡಪಟ್ಟಿ ಸೀಳುವುದಷ್ಟೇ ಬಾಕಿ. ಬೆಲ್ಟು ಹಾಕಿ, ಬ್ಲೇಡು ಬಿಗಿದು ಸ್ವಿಚ್ ಒತ್ತಿದರು. ನಾನು ಹಲಗೆಯ ಇನ್ನೊಂದು ತುದಿ ಹಿಡಿಯಲು ಎದುರಿಗೆ ಹೋಗಿ ನಿಂತೆ. ಐದಾರು ಪಟ್ಟಿ ಬೆಣ್ಣೆಯ ಹಾಗೆ ಬಂದವು. ಹೊಟ್ಟು ಹಾರಿ ಬೆವರಿನ ಬನಿಯನ್ನಿಗೆ ಅಂಟಿ ಅದೂ ಹಳದಿಯಾಯಿತು. ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಮರದ ತಿರುಳಿನಿಂದಲೇ ಬಣ್ಣ ಹಾಕುತ್ತಿದ್ದರಂತೆ. ನನ್ನ ಬನಿಯನ್ ನೋಡಿದರೆ ನಂಬಬಹುದು.

ಏಳನೆಯದು ತಿರುಳಿನ ಹತ್ತಿರದ ಹಲಗೆ. ಅರ್ಧ ಸೀಳಿತ್ತು. ಸೀಳಿದ ಎರಡು ಭಾಗ ಬ್ಲೇಡಿನ ಹಿಂದೆ ಮೆಲ್ಲಗೆ ಹತ್ತಿರ ಬರುವುದು ನನಗೆ ಕಂಡಿತು. ಇಕ್ಕಳ ಮುಚ್ಚಿದ ಹಾಗೆ. ಮೋಟಾರಿನ ದನಿ ಇಳಿಯಿತು. ಆಮೇಲೆ ಏನಾಯಿತು ಅಂತ ನೋಡಲು ಆಗಲಿಲ್ಲ. ಢಬ್ ಅಂತ ಸದ್ದು. ಹಲಗೆ ನನ್ನ ಕೈಯಲ್ಲಿರಲಿಲ್ಲ. ಆಚಾರ್ರ ಸೊಂಟದ ಪಕ್ಕದಿಂದ ಹೋಗಿ ಹಿಂದಿನ ಮಣ್ಣಿನ ಗೋಡೆಗೆ ಹೊಡೆದು ಬಿದ್ದಿತ್ತು. ಗೋಡೆಯಲ್ಲಿ ಮುಷ್ಟಿಯಷ್ಟು ಗುಳಿ. ಅವರು ಬ್ಲೇಡಿನ ನೇರಕ್ಕೆ ನಿಲ್ಲದೆ ಎಡಕ್ಕೆ ನಿಂತಿದ್ದರು. ಅಷ್ಟೇ.

ಮೆಷಿನ್ ಆಫ್ ಮಾಡಿ ಇಬ್ಬರೂ ಮರದ ದಿಮ್ಮಿಯ ಮೇಲೆ ಕೂತೆವು. ಅವರು ಎಲೆ ಅಡಿಕೆ ಹಾಕಿದರು. ನನಗೆ ಕೈ ನಡುಗುತ್ತಿತ್ತು, ಅದನ್ನು ಮರೆಸಲು ಲೆಕ್ಕ ಶುರು ಮಾಡಿದೆ. ಮೋಟಾರು ನಿಮಿಷಕ್ಕೆ 1440 ಸುತ್ತು. ಮೋಟಾರಿನ ಪುಲ್ಲಿ 6 ಇಂಚು, ಬ್ಲೇಡಿನದು 3. ಹಾಗಾದರೆ ಬ್ಲೇಡು 2880 ಸುತ್ತು, ಸೆಕೆಂಡಿಗೆ 48. ಒಂದು ಸುತ್ತಿಗೆ ಸುಮಾರು 80 ಸೆಂಟಿಮೀಟರ್. ಹಲ್ಲಿನ ವೇಗ ಗಂಟೆಗೆ 138 ಕಿಲೋಮೀಟರ್. ಹಿಂದಿನ ಹಲ್ಲು ಮೇಲಕ್ಕೆ ಏಳುವಾಗ ಹಲಗೆಯನ್ನು ಕಚ್ಚಿಕೊಂಡರೆ ಹೆಚ್ಚುಕಮ್ಮಿ ಆ ವೇಗದಲ್ಲೇ ತಳ್ಳುವವನ ಕಡೆ ಎಸೆಯುತ್ತದೆ.

"ಅದನ್ನ ತಡೆಯೋಕೆ ಏನೂ ಇಲ್ವಾ ಆಚಾರ್ರೆ?"

ಅವರು ಎದ್ದು ಗೋಡೆಯ ಕ್ಯಾಲೆಂಡರ್ ಸರಿಸಿದರು. ಅದರ ಹಿಂದಿನ ಮೊಳೆಯಲ್ಲಿ ಬಾಗಿದ ಉಕ್ಕಿನ ತಗಡು ಒಂದು ತೂಗುತ್ತಿತ್ತು. ಬ್ಲೇಡಿನ ಹಿಂದೆ ನಿಂತು ಸೀಳಿದ ಸಂದು ಮುಚ್ಚದ ಹಾಗೆ ನೋಡಿಕೊಳ್ಳುವುದು ಅದೇ. ಪಕ್ಕದ ಮೊಳೆಯಲ್ಲಿ ಬ್ಲೇಡಿನ ಮೇಲಿನ ಮುಚ್ಚಳ. ಮೆಷಿನ್ ಜೊತೆಗೇ ಬಂದಿದ್ದವು. "ಕೆಲಸ ನಿಧಾನ ಆಗುತ್ತೆ ಅಂತ ಬಿಚ್ಚಿಟ್ಟಿದ್ದೆ" ಅಂದರು. ನಾನೇನೂ ಹೇಳಲಿಲ್ಲ. ಶಿವಮೊಗ್ಗದಲ್ಲಿ ಉಂಗುರಕ್ಕಾಗಿ ಡಬ್ಬಿ ತೆರೆಸಿ ನೋಡಿದ ಮನುಷ್ಯ ಇವರೇ. ಸ್ಪ್ಯಾನರ್ ತಂದು ತಗಡು, ಮುಚ್ಚಳ ಎರಡನ್ನೂ ಕೂರಿಸಿದರು. ಉಳಿದ ಪಟ್ಟಿಗಳು ಸ್ವಲ್ಪ ನಿಧಾನವಾಗಿಯೇ ಬಂದವು. ಒಟ್ಟು 15.

ಸಂಜೆ ಆರೂವರೆಗೆ ಪಟ್ಟಿ ಬಡಿದು ಮುಗಿಯಿತು. ಹಾಸಿಗೆ ಹೊತ್ತು ತಂದು ಮಂಚದ ಮೇಲೆ ಇಟ್ಟೆವು. ತಲೆಯ ಕಡೆ ಕೂತಿತು. ಕಾಲಿನ ಕಡೆ ಕೂರಲಿಲ್ಲ. ಒತ್ತಿದರೆ ನಡುವೆ ಗುಡ್ಡ ಏಳುತ್ತಿತ್ತು. ಟೇಪ್ ಹಿಡಿದೆ. ಹೊರಗಿನಿಂದ ಹೊರಗೆ 78 ಇಂಚು, ಚೀಟಿಯಲ್ಲಿ ಇದ್ದ ಹಾಗೆ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ತಲೆ ಹಲಗೆ ಒಂದೂವರೆ ಇಂಚು, ಕಾಲ ಹಲಗೆ ಒಂದೂವರೆ ಇಂಚು. ಒಳಗೆ ಉಳಿದದ್ದು 75.

ಒಳ ಅಳತೆಯೋ ಹೊರ ಅಳತೆಯೋ ಅಂತ ನಾನು ಬರೆದಿರಲಿಲ್ಲ. ಎಷ್ಟು ಮಕ್ಕಳಿಗೆ ಇದಕ್ಕೇ ಅರ್ಧ ಮಾರ್ಕು ಕಳೆದಿದ್ದೇನೋ.

ಹಾಸಿಗೆಯ ಪ್ಲಾಸ್ಟಿಕ್ ಹರಿದಾಗಿತ್ತು, ವಾಪಸ್ ತೆಗೆದುಕೊಳ್ಳುವುದಿಲ್ಲ. ಆಚಾರ್ರು ಮಂಚದ ಸುತ್ತ ಒಂದು ಸುತ್ತು ಬಂದರು. "ಕಾಲ ಕಡೆ ಹಲಗೆ ಎದ್ದು ನಿಂತಿರಬೇಕು ಅಂತ ಯಾರು ಹೇಳಿದ್ರು? ಚೆಂದಕ್ಕೆ ಇಡೋದು. ಪಟ್ಟಿ ಮಟ್ಟಕ್ಕೆ ಕತ್ತರಿಸಿಬಿಡ್ತೀನಿ, ಹಾಸಿಗೆ ಅದರ ಮೇಲೇ ಹಾಯುತ್ತೆ." ಲೆಕ್ಕ ಹಾಕಿದೆ. ಹಲಗೆಯ ದಪ್ಪ ಸೇರಿ 76.5. ಹಾಸಿಗೆ ಒಂದೂವರೆ ಇಂಚು ಹೊರಗೆ ಬರುತ್ತದೆ. ಬೆಡ್‌ಶೀಟ್ ಇಳಿಬಿಟ್ಟರೆ ಕಾಣುವುದಿಲ್ಲ. ಅವರು ಮೆಷಿನ್ ಕಡೆ ಹೋಗಲಿಲ್ಲ. ಕೈಗರಗಸ ತೆಗೆದುಕೊಂಡು ಕಾಲು ಗಂಟೆಯಲ್ಲಿ ಕೊಯ್ದರು.

ಮೂರು ಅಡಿ ಉದ್ದದ ಒಳ್ಳೇ ಹಲಸಿನ ತುಂಡು ಕೈಯಲ್ಲಿ ಉಳಿಯಿತು. "ನಿಮ್ಮಪ್ಪ ಏಳುವಾಗ ಏನು ಹಿಡ್ಕೋತಾರೆ?" ಅಂತ ಕೇಳಿದರು. ನನ್ನ ಕೈ ಅಂದೆ. ಅವರು ತುಂಡಿನಿಂದ ಒಂದು ದುಂಡನೆಯ ಹಿಡಿ ಮಾಡಿ, ಎರಡು ಗೂಟದ ಮೇಲೆ, ಮಂಚದ ಪಕ್ಕಕ್ಕೆ ತಲೆಯಿಂದ ಎರಡು ಅಡಿ ಕೆಳಗೆ ಬೋಲ್ಟ್ ಹಾಕಿ ಕೂರಿಸಿದರು. ಮಿಕ್ಕ ಚೂರಿಗೆ ತುದಿಯಲ್ಲಿ ಹಕ್ಕಿಯ ಬಾಯಿ ಹಾಗೆ ಕಚ್ಚು ಕೊಯ್ದರು. ಹಲಗೆಯ ಕೊನೆಯನ್ನು ಬ್ಲೇಡಿನ ಹತ್ತಿರ ತಳ್ಳುವಾಗ ಬೆರಳಿನ ಬದಲು ಅದು. ಅದಕ್ಕೊಂದು ತೂತು ಮಾಡಿ, ಕ್ಯಾಲೆಂಡರಿನ ಹಿಂದೆ ಖಾಲಿ ಆಗಿದ್ದ ಮೊಳೆಗೆ ತೂಗಿಸಲು ಹೋದವರು, ಅರ್ಧದಲ್ಲಿ ನಿಂತು, ಮೆಷಿನ್ನಿನ ಮೇಜಿನ ಮೇಲೇ ಇಟ್ಟರು.

ರಾತ್ರಿ ನಾಲ್ಕು ಜನ ಸೇರಿ ಮಂಚ ಮನೆಗೆ ಹೊತ್ತು ತಂದೆವು. ಅಪ್ಪ ಕೂತು ನೋಡಿದರು. ಪಾದ ನೆಲಕ್ಕೆ ಸರಿಯಾಗಿ ಊರಿತು. "ಗಟ್ಟಿ ಆಯ್ತಲ್ಲೋ ಮಾರಾಯ" ಅಂದರು. ನಾನು ನಾರು, ಡೆನ್ಸಿಟಿ, ಗಾಳಿ ಅಂತ ಶುರು ಮಾಡುವಷ್ಟರಲ್ಲಿ ಅಮ್ಮನಿಗೆ ಹೇಳಿ ಹಳೇ ಕಂಬಳಿ ತರಿಸಿ ಅದರ ಮೇಲೆ ಹಾಸಿಸಿಕೊಂಡರು.

ಪಕ್ಕದ ಕೋಣೆಯಲ್ಲಿ ನನಗೆ ಎಚ್ಚರವಾದಾಗ ಬೆಳಗಿನ ಐದು ಗಂಟೆ. ಅಪ್ಪ ಕರೆದಿರಲಿಲ್ಲ. ಗಾಬರಿಯಲ್ಲಿ ಎದ್ದು ಹೋದೆ. ಅವರು ಮುಖ ತೊಳೆದು ಬಂದು ಮಂಚದ ಅಂಚಿನಲ್ಲಿ ಕೂತಿದ್ದರು, ಪಕ್ಕದಲ್ಲಿ ವಾಕರ್. ಹಲಸಿನ ಹಿಡಿಯ ಮೇಲೆ ಒದ್ದೆ ಟವೆಲ್ಲು ನೀಟಾಗಿ ಹರಡಿತ್ತು.

"ಆಚಾರಿ ಇದೊಂದನ್ನ ಚೆನ್ನಾಗಿ ಮಾಡಿದಾನೆ" ಅಂದರು. "ಟವೆಲ್ ಒಣಗಿಸೋಕೆ ಜಾಗ ಇರ್ಲಿಲ್ಲ."