ರಬ್ಬರ್ ತಡೆದುಕೊಳ್ಳುತ್ತದೆ

“ನಡುವೆ ರಬ್ಬರ್ ಇದೆಯಲ್ಲ, ತಡೆದುಕೊಳ್ಳುತ್ತದೆ ಬಿಡಿ” ಎಂದ ಅಣ್ಣ.

“ತಡೆದುಕೊಳ್ಳುತ್ತದೆ. ಅದಕ್ಕೇ ಅದರ ಮೇಲೆ ಹೊರಿಸಬಾರದು” ಎಂದರು ಮೆಕ್ಯಾನಿಕ್, ತಲೆ ಎತ್ತದೆ.

ಮಂಗಳವಾರ ಮಧ್ಯಾಹ್ನ ಮಲ್ಪೆಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಶೀಟಿನ ಮಾಡಿನ ಕೆಳಗೆ, ನೀರಿನ ಮೇಲೆ ಓಡುವ ಸ್ಕೂಟರಿನಂಥ ಜೆಟ್ ಸ್ಕೀಗೆ ಎಂಜಿನ್ ಕೂರಿಸುವಾಗ ನಡೆದ ಮಾತಿದು. ಇಬ್ಬರೂ ಆಡಿದ್ದು ತುಳುವಿನಲ್ಲಿ. ಇಂದು ಶುಕ್ರವಾರ. ಇನ್ನೂ ಅದು ನನ್ನ ತಲೆಯಿಂದ ಇಳಿದಿಲ್ಲ.

ಮಳೆಗಾಲ ಮುಗಿಯುತ್ತಿದೆ, ಕಡಲತೀರದ ಜಲಕ್ರೀಡೆಗಳು ಮತ್ತೆ ಆರಂಭವಾಗುವ ಹೊತ್ತು. ಅಣ್ಣನ ಎರಡು ಜೆಟ್ ಸ್ಕೀಗಳಲ್ಲಿ ಒಂದು ಮೇ ತಿಂಗಳಲ್ಲಿ ಅಲೆಗೆ ಮಗುಚಿತ್ತು. ಯಾವ ದಿಕ್ಕಿಗೆ ಹೊರಳಿಸಿ ನೇರ ಮಾಡಬೇಕೆಂದು ಹಿಂಭಾಗದಲ್ಲಿ ಬಾಣದ ಗುರುತೇ ಇರುತ್ತದೆ. ಗಾಬರಿಯಲ್ಲಿ ಯಾರೋ ತಿರುವುಮುರುವಾಗಿ ಹೊರಳಿಸಿದರು, ಉಪ್ಪುನೀರು ಸಿಲಿಂಡರಿಗೆ ನುಗ್ಗಿತು. ಅಂದೇ ನೀರು ತೆಗೆದು ಓಡಿಸಿದ್ದರೆ ಎಂಜಿನ್ ಉಳಿಯುತ್ತಿತ್ತು. ಅಣ್ಣ ನಾಳೆ ನೋಡೋಣ ಎಂದ. ಅವನ ಸ್ವಭಾವವೇ ಅದು, ದುಡಿಯುವುದರಲ್ಲಿ ರಾಕ್ಷಸ, ನೋಡಿಕೊಳ್ಳುವುದರಲ್ಲಿ ಮರೆಗುಳಿ. ಒಳಗೆಲ್ಲ ತುಕ್ಕು ಹಿಡಿದ ಮೇಲೆ ಅದೇ ಮಾದರಿಯ ಇನ್ನೊಂದು ವಾಹನದ ಹಳೆಯ ಎಂಜಿನ್ ತಂದ.

ಅದೇ ಮಾದರಿ ಎಂದ ಮೇಲೆ ಇಳಿಸಿ ಬೋಲ್ಟ್ ಬಿಗಿದರಾಯಿತು ಎಂದು ನಾನೂ ತಿಳಿದಿದ್ದೆ. ಹಾಗಲ್ಲವಂತೆ. ಅಚ್ಚಿನಿಂದ ಬಂದ ಫೈಬರ್ ಒಡಲುಗಳು ಕೂದಲೆಳೆಯಷ್ಟಾದರೂ ಬೇರೆಬೇರೆ. ಎಂಜಿನ್ ಕೂರುವ ಕಾಲುಗಳ ಕೆಳಗೆ ತೆಳುವಾದ ತಗಡಿನ ಚೂರುಗಳನ್ನು ಇಟ್ಟು, ಎಂಜಿನ್ನಿನ ತುದಿಯೂ, ನೀರನ್ನು ಹಿಂದಕ್ಕೆ ಚಿಮ್ಮಿಸಿ ವಾಹನವನ್ನು ಮುಂದೆ ತಳ್ಳುವ ಪಂಪಿಗೆ ಹೋಗುವ ಶಾಫ್ಟಿನ ತುದಿಯೂ ಒಂದೇ ಗೆರೆಗೆ ಬರುವಂತೆ ಮಾಡಬೇಕು. ಆ ಎರಡು ತುದಿಗಳ ನಡುವೆ ಕೂರುವುದೇ ಅಂಗೈಯಗಲದ ರಬ್ಬರ್.

ಮೆಕ್ಯಾನಿಕ್ ಬಂದರಿನವರು, ಮೀನುಗಾರಿಕೆ ದೋಣಿಗಳ ಎಂಜಿನ್ ಕೂರಿಸುತ್ತ ಕೂದಲು ನರೆಸಿಕೊಂಡವರು. ಮರದ ದೋಣಿಯಾದರೆ ದಡದಲ್ಲಿ ಹೊಂದಿಸಿದ್ದನ್ನು ಅವರು ನಂಬುವುದಿಲ್ಲ; ನೀರಿಗಿಳಿದ ಮೇಲೆ ಒಡಲು ತುಸು ಬಾಗುತ್ತದೆ, ಆಗ ಇನ್ನೊಮ್ಮೆ ಅಳೆಯಲೇಬೇಕು ಎನ್ನುತ್ತಾರೆ. ಅವರು ಎರಡು ತುದಿಗಳ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕು ನುಸುಳುತ್ತದೆಯೇ ಎಂದು ನೋಡಿದರು, ಮೇಲಿನಿಂದ, ಪಕ್ಕದಿಂದ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿದರು. ಸರಿ ಇತ್ತು. ಬೋಲ್ಟ್ ಬಿಗಿದರು. ಬಿಗಿದ ಕೂಡಲೇ ಒಂದು ಮಗ್ಗುಲು ಎದ್ದಿತು. ಸಂದಿನಲ್ಲಿ, ಸಂದು ಅಳೆಯುವ ಫೀಲರ್ ಗೇಜಿನ ಅರ್ಧ ಮಿಲಿಮೀಟರಿನ ಎಲೆ ಸಲೀಸಾಗಿ ಹೊಕ್ಕಿತು. ಒಂದು ಮಾತೂ ಆಡದೆ ನಾಲ್ಕೂ ಬೋಲ್ಟುಗಳನ್ನು ಬಿಚ್ಚಿದರು. ಮೂರನೆಯ ಸಲ ಬಿಚ್ಚುವಾಗಲೇ ಅಣ್ಣ ಆ ಮಾತು ಹೇಳಿದ್ದು.

ಮೆಕ್ಯಾನಿಕ್ ಹಳೆಯ ಎಂಜಿನ್ನಿನಿಂದ ಕಳಚಿದ ರಬ್ಬರನ್ನು ಬಕೆಟಿನಿಂದ ಎತ್ತಿ ಅಣ್ಣನ ಕೈಗಿಟ್ಟರು. ಹಲ್ಲುಗಳೆಲ್ಲ ಸವೆದು ಬೆರಳಿಗೆ ಕಪ್ಪು ಪುಡಿ ಅಂಟುತ್ತಿತ್ತು. ಮೊದಲು ಇದು ಹೋಗುತ್ತದೆ, ಆಮೇಲೆ ಬೇರಿಂಗ್, ಅದರ ಜೊತೆ ನೀರು ತಡೆಯುವ ಸೀಲ್, ಆಮೇಲೆ ಹೊಟ್ಟೆಯೊಳಗೆ ನೀರು ಎಂದರು. “ಇದು ಒಂದು ದಿನವೂ ಸದ್ದು ಮಾಡಿರಲಿಲ್ಲವಲ್ಲ” ಎಂದ ಅಣ್ಣ. ಅವನಿಗೆ ನಿಜಕ್ಕೂ ಅಚ್ಚರಿಯಾಗಿತ್ತು.

ಅಷ್ಟರಲ್ಲಿ ಅತ್ತಿಗೆ ಚಹಾ ತಂದರು. ಲೋಟಗಳನ್ನು ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ನೆಟ್ಟಗಾದರು. ಅದನ್ನು ನೋಡಿದ್ದು ನಾನೊಬ್ಬಳೇ ಇರಬೇಕು.

ಅಮ್ಮನಿಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಮಗ್ಗುಲು ಬದಲಿಸುವುದು, ಸ್ನಾನ, ಔಷಧಿ, ರಾತ್ರಿಯ ಎಚ್ಚರ ಎಲ್ಲವೂ ಅತ್ತಿಗೆಯದು. ಬೆಂಗಳೂರಿನಿಂದ ನಾನು ಹಣ ಕಳುಹಿಸುತ್ತೇನೆ, ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಯಾರಾದರೂ ಅಮ್ಮನ ಬಗ್ಗೆ ಕೇಳಿದರೆ, ಅತ್ತಿಗೆ ಇದ್ದಾರೆ, ನಿಭಾಯಿಸುತ್ತಾರೆ ಎನ್ನುತ್ತೇನೆ. ಹೊಗಳಿಕೆ ಎಂದುಕೊಂಡೇ ಹೇಳುತ್ತಿದ್ದೆ. ಅಣ್ಣ ರಬ್ಬರಿನ ಬಗ್ಗೆ ಆಡಿದ್ದಕ್ಕೂ ನನ್ನ ಈ ಮಾತಿಗೂ ಎಷ್ಟು ವ್ಯತ್ಯಾಸ? ಅವನನ್ನು ಮರೆಗುಳಿ ಎಂದು ಬೈಯುವ ಹಕ್ಕು ನನಗಿಲ್ಲ.

ಬುಧವಾರ ರಾತ್ರಿಯ ಬಸ್ಸಿನ ಟಿಕೆಟ್ ರದ್ದು ಮಾಡಿ ಹದಿನೈದು ದಿನ ರಜೆ ಹಾಕಿದೆ. ತವರಿಗೆ ಹೋಗಿ ಬನ್ನಿ ಎಂದರೆ ಅತ್ತಿಗೆ ಮೊದಲು ನಂಬಲಿಲ್ಲ, ಆಮೇಲೆ ಬೇಡವೆಂದರು. ಅಣ್ಣ ಚೀಲ ಹೊತ್ತು ತಂದು ಸ್ಕೂಟರಿನ ಮೇಲಿಟ್ಟ. ಹೊರಡುವ ಮುಂಚೆ, ಅಮ್ಮನನ್ನು ಹೊರಳಿಸುವಾಗ ಭುಜ ಹಿಡಿದು ಎಳೆಯಬಾರದು, ಬೆನ್ನ ಕೆಳಗೆ ಕೈ ಕೊಡಬೇಕು ಎಂದು ಎರಡು ಸಲ ತೋರಿಸಿಕೊಟ್ಟರು.

ಇಂದು ಬೆಳಿಗ್ಗೆ ಜೆಟ್ ಸ್ಕೀ ನೀರಿಗಿಳಿಯಿತು. ನಾನು ನೋಡಲು ಹೋಗಲಾಗಲಿಲ್ಲ, ಅಮ್ಮನ ಗಂಜಿಯ ಹೊತ್ತು. ಅತ್ತಿಗೆಯ ಫೋನ್ ಬಂತು. ಅಮ್ಮನ ಊಟ, ಔಷಧಿ ಎಲ್ಲ ಕೇಳಿದ ಮೇಲೆ, ರಾತ್ರಿ ಒಂದೇ ನಿದ್ದೆಗೆ ಬೆಳಗಾಯಿತು ಎಂದರು.