ಆಗುಂಬೆಯ ಜಗಲಿ ಬಲ್ಬಿನ ಕೆಳಗೆ ಒಂದು ಕಪ್ಪೆ

ಆಗುಂಬೆಗೆ ಹೋದೋರೆಲ್ಲ ಸನ್‌ಸೆಟ್ ಪಾಯಿಂಟ್ ಬಗ್ಗೆ ಬರೀತಾರೆ. ನಮಗೆ ಅಲ್ಲಿ ಮೋಡ ಬಿಟ್ರೆ ಏನೂ ಕಾಣ್ಲಿಲ್ಲ, ಕಂಡಿದ್ರೂ ನಾನು ಬರೀತಿದ್ದಿದ್ದು ಉಳ್ಕೊಂಡಿದ್ದ ಮನೆಯ ಜಗಲಿ ಬಲ್ಬು, ಅದರ ಕೆಳಗೆ ಕೂತಿದ್ದ ಮೈಯೆಲ್ಲ ಗಂಟುಗಂಟಿನ ನೆಲಗಪ್ಪೆ ಬಗ್ಗೇನೇ.

ಜೂನ್ ಶುರು, ಮಳೆ ಆಗಷ್ಟೇ ಹಿಡ್ಕೊಂಡಿತ್ತು. ರಾತ್ರಿ ಕಾಡಲ್ಲಿ ಕಪ್ಪೆ ತೋರಿಸ್ತೀನಿ ಅಂದೋರಿಗೆ ಅಡ್ವಾನ್ಸ್ ಹಾಕಿದ್ವಿ, ಕತ್ತಲಾದ್ಮೇಲೆ ಆಸಾಮಿ ಫೋನೇ ಎತ್ಲಿಲ್ಲ. ಇನ್ನೂ ಸಿಟ್ಟಿದೆ ನಂಗೆ. ದಯವಿಟ್ಟು ಯಾರೂ ಮುಂಚೆ ದುಡ್ಡು ಹಾಕ್ಬೇಡಿ, ಊರಿಗೆ ಹೋಗಿ ಎದುರಿಗೆ ಮಾತಾಡಿ, ನೆಟ್‌ವರ್ಕ್ ನಂಬ್ಬೇಡಿ, ಹೆಡ್‌ಲ್ಯಾಂಪ್ ನಿಮ್ದೇ ಇರ್ಲಿ.

ಮಳೆ ಸ್ವಲ್ಪ ಬಿಟ್ಟಿದ್ದೇ ತಡ, ರೆಕ್ಕೆ ಗೆದ್ದಲು ಬಲ್ಬಿಗೆ ಮುತ್ಕೊಂಡ್ವು. ಉದುರಿದ ಹುಳ ಹತ್ರ ಬಂದ್ರೆ ಕಪ್ಪೆ ಮೆಲ್ಲಗೆ ಅತ್ತ ತಿರುಗುತ್ತೆ, ಮುಂದಕ್ಕೆ ಬಗ್ಗುತ್ತೆ, ಹಿಂಗಾಲಿನ ಬೆರಳೊಂದು ಪಟಪಟ ಅದುರುತ್ತೆ, ಆಮೇಲೆ ನೋಡಿದ್ರೆ ಹುಳಾನೇ ಇಲ್ಲ. ಫೋನಲ್ಲಿ ಸ್ಲೋ ಮೋಷನ್ ಹಾಕಿ ನೋಡಿದ್ಮೇಲೇ ನಾಲಿಗೆ ಅನ್ನೋದು ಕಂಡಿದ್ದು.

ಆ ಮನೆ ಹುಡುಗಿ ಜೂವಾಲಜಿ ಓದ್ತಾಳೆ, ಅವಳ ಜೊತೆ ಮಾತು ಶುರುವಾಗಿ ಊಟ ಆರೋಯ್ತು. ನಮ್ಮ ನಾಲಿಗೆ ಬುಡ ಗಂಟಲ ಹತ್ರ ಅಲ್ವಾ, ಕಪ್ಪೇದು ಕೆಳದವಡೆಯ ಮುಂತುದಿಗೆ ಅಂಟಿರುತ್ತೆ, ಅದಕ್ಕೇ ಬಾಯಿ ತೆಗೆದ್ರೆ ಮಗುಚಿಕೊಂಡು ಆಚೆ ಬೀಳುತ್ತೆ ಅಂದ್ಲು. ಹುಳ ನಾಲಿಗೆಗೆ ಅಂಟ್ಕೊಳ್ಳೋದು ಹೇಗೆ ಅಂದೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದೋರು 2017ರಲ್ಲಿ ತೋರಿಸಿದ್ದು ಅಂತ ಹೇಳಿದ್ಲು: ಕಪ್ಪೆ ನಾಲಿಗೆ ನಮ್ಮದಕ್ಕಿಂತ ಸುಮಾರು 10 ಪಟ್ಟು ಮೆತ್ತಗೆ, ಹುಳಕ್ಕೆ ಬಡಿದಾಗ ಎಂಜಲು ತೆಳ್ಳಗಾಗಿ ಸಂದಿಗೊಂದಿಗೆಲ್ಲ ಹರಿಯುತ್ತೆ, ವಾಪಸ್ ಎಳೆಯೋವಾಗ ಗಟ್ಟಿಯಾಗಿ ಹಿಡ್ಕೊಳುತ್ತೆ, ಇಷ್ಟೆಲ್ಲ 0.07 ಸೆಕೆಂಡಿನೊಳಗೆ!

ಹಂಗಾದ್ರೆ ಬಾಯೊಳಗೆ ಬಿಡಿಸ್ಕೊಳ್ಳೋದು ಹೇಗೆ? 'ಕಣ್ಣು ನೋಡಿ' ಅಂದ್ಲು. ಕಪ್ಪೆ ಇನ್ನೊಂದು ಹುಳ ತಗೊಳ್ತು, ಎರಡೂ ಕಣ್ಣು ತಲೆಯೊಳಕ್ಕೆ ಕುಸಿದ್ವು. ಗುಡ್ಡೆಗಳು ಒಳಗಿಂದ ಹುಳಾನ ಗಂಟಲ ಕಡೆ ತಳ್ಳುತ್ವೆ, ಆ ಉಜ್ಜಾಟಕ್ಕೆ ಎಂಜಲು ಮತ್ತೆ ತೆಳ್ಳಗಾಗಿ ಹುಳ ಬಿಟ್ಕೊಳುತ್ತೆ. ನಾನು ಸಣ್ಣೋನಿದ್ದಾಗಿಂದ ಕಪ್ಪೆ ನೋಡಿದೀನಿ, ಇದನ್ನ ಒಂದ್ಸಲನೂ ಗಮನಿಸಿರ್ಲಿಲ್ಲ, ಮೈ ಜುಂ ಅಂತು.

ಅದೇ ಬಲ್ಬಿನ ಪಕ್ಕ ಗೋಡೇಲಿ ಹಲ್ಲಿನೂ ಅದೇ ಗೆದ್ದಲು ತಿಂತಿತ್ತು, ಆದ್ರೆ ಹಲ್ಲಿ ನುಗ್ಗಿ ನೇರ ದವಡೇಲೇ ಕಚ್ಚುತ್ತೆ, ನಾಲಿಗೆ ಬೇಟೆಗೆ ಬರಲ್ಲ. ಹಾವಿಗೂ ಅಷ್ಟೇ, ನಾಲಿಗೆ ಇರೋದು ವಾಸನೆ ಹಿಡಿಯೋಕೆ.

ನಡುವಿನ ದಿನಗಳಲ್ಲಿ ಜಲಪಾತ, ದೇವಸ್ಥಾನ ಎಲ್ಲ ಆಯ್ತು. ಹೊರಡೋ ಬೆಳಿಗ್ಗೆ ತೋಟದಲ್ಲಿ ಅಡಿಕೆ ಮರಕ್ಕೆ ಹಾರೋ ಓತಿ ಅಂಟ್ಕೊಂಡಿತ್ತು, ಇರುವೆ ಸಾಲಿನ ಪಕ್ಕ ಕೂತು ಒಂದೊಂದನ್ನೇ ಗಿಡ್ಡ ನಾಲಿಗೇಲಿ ಎತ್ಕೊಳ್ತಿತ್ತು. ಮೈಗಿಂತ ಉದ್ದ ನಾಲಿಗೆ ಬಿಡೋ ಊಸರವಳ್ಳಿ ನೋಡ್ಬೇಕಂದ್ರೆ ಈ ಮಳೆಕಾಡಲ್ಲ, ಬಯಲುಸೀಮೆ ಕುರುಚಲಿಗೆ ಹೋಗಿ ಅಂತ ಹುಡುಗಿ ಹೇಳಿದ್ಲು. ಬಸ್ ಹತ್ತೋ ಮುಂಚೆನೇ ಚಿತ್ರದುರ್ಗದ ಗೆಳೆಯನಿಗೆ ಫೋನ್ ಮಾಡಿದೆ.