ಬೆಟ್ಟದಾಚೆಯ ಗೋಪುರ

ಒಂದು ರಾತ್ರಿ ಬೀಸಿದ ಬಿರುಗಾಳಿಗೆ ನಮ್ಮ ಮನೆಗೆ ಬರುವ ಇಂಟರ್ನೆಟ್ ತಂತಿ ತುಂಡಾಯಿತು. ಟಿವಿಯೂ ಅದೇ ತಂತಿಯನ್ನು ನಂಬಿಕೊಂಡಿದ್ದರಿಂದ ಅದೂ ನಿಂತಿತು. ರಿಪೇರಿಯಾಗಲು ಮೂರು ದಿನ ಬೇಕೆಂದು ತಿಳಿಯಿತು. ಅಮ್ಮನಿಗೆ ಧಾರಾವಾಹಿಗಳ ಚಿಂತೆಯಿರಲಿಲ್ಲ. ನಮ್ಮ ಪ್ರದೇಶದಲ್ಲಿ ಎಲ್ಲೆಲ್ಲಿ ಎಷ್ಟು ಮಳೆಯಾಗಿದೆ, ಯಾವ ರಸ್ತೆ ಮುಚ್ಚಿದೆ ಎಂಬುದನ್ನು ಸಂಜೆಯ ಪ್ರಾದೇಶಿಕ ವಾರ್ತೆಯಲ್ಲಿ ಕೇಳದಿದ್ದರೆ ಅವರಿಗೆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಮಾಳಿಗೆಯ ಮೇಲೆ ಅಪ್ಪ ನಿಲ್ಲಿಸಿದ್ದ ಆಂಟೆನಾ ಇನ್ನೂ ಇತ್ತು. ಹದಿನೈದು ವರ್ಷಗಳಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಪ್ರಾದೇಶಿಕ ಪ್ರಸಾರ ಗೋಪುರವು ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಾಗಿ ಎಷ್ಟೋ ಕಾಲವಾಗಿದ್ದರೂ ಅದರ ಅಲೆಗಳು ಪ್ರತಿದಿನ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತಿದ್ದವು, ನಾವು ಮಾತ್ರ ಅವುಗಳನ್ನು ಹಿಡಿಯುವುದನ್ನು ಬಿಟ್ಟಿದ್ದೆವು. ಮರುದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ನಾನು ಮಾಳಿಗೆ ಹತ್ತಿದೆ.

ಅನಲಾಗ್ ಕಾಲದಲ್ಲಿ ಈ ಕೆಲಸಕ್ಕೆ ಮೂವರು ಬೇಕಾಗುತ್ತಿತ್ತು. ಅಪ್ಪ ಮೇಲೆ ಕಂಬ ತಿರುಗಿಸುತ್ತಿದ್ದರು, ಅಮ್ಮ ಒಳಗೆ ಪರದೆಯ ಮುಂದೆ ಕೂತಿರುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಕೂಗಿ ಹೇಳುತ್ತಿದ್ದೆ. ‘ಬಂತಾ?’ ‘ಇನ್ನೂ ಸ್ವಲ್ಪ.’ ‘ಈಗ?’ ‘ಬಂತು, ಬಂತು, ಅಲ್ಲೇ ಬಿಡಿ!’ ಆ ಚಿತ್ರ ಕೆಟ್ಟಾಗಲೂ ನಮಗೆ ದಾರಿ ತೋರಿಸುತ್ತಿತ್ತು. ಚುಕ್ಕೆಗಳ ಮಳೆ ಸುರಿದರೆ ಸಿಗ್ನಲ್ ಸಾಲದು, ವ್ಯಕ್ತಿಯ ಪಕ್ಕದಲ್ಲಿ ಅವನದೇ ಮಸುಕು ನೆರಳು ನಿಂತರೆ ಅಲೆ ಎಲ್ಲಿಗೋ ಬಡಿದು ತಡವಾಗಿ ಬರುತ್ತಿದೆ ಎಂದು ಅಪ್ಪನಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಈ ನಡುವಿನ ಸ್ಥಿತಿಗಳೇ ಇಲ್ಲ. ಬರುವ ದತ್ತಾಂಶದಲ್ಲಿ ತಪ್ಪುಗಳಾದರೆ ಅವುಗಳನ್ನು ಸರಿಪಡಿಸುವ ಲೆಕ್ಕವೂ ದತ್ತಾಂಶದ ಜೊತೆಗೇ ಬರುತ್ತದೆ. ಆ ಲೆಕ್ಕಕ್ಕೆ ಸಿಗುವಷ್ಟು ತಪ್ಪುಗಳಿರುವವರೆಗೆ ಚಿತ್ರ ಕನ್ನಡಿಯಂತಿರುತ್ತದೆ, ಅದನ್ನು ಒಂದಿಷ್ಟು ಮೀರಿದರೂ ಚಿತ್ರ ಚೌಕಚೌಕವಾಗಿ ಒಡೆದು ಪರದೆ ಕಪ್ಪಾಗುತ್ತದೆ. ಗೋಪುರಗಳಿಂದ ಡಿಜಿಟಲ್ ಟಿವಿ ಕಳಿಸುವ ಎರಡನೆಯ ಪೀಳಿಗೆಯ ಡಿವಿಬಿ-ಟಿ2 ಪದ್ಧತಿ ಬಳಸುವ ತಪ್ಪು ತಿದ್ದುವ ಸಂಕೇತವನ್ನು ಅಮೆರಿಕದ ಎಂಜಿನಿಯರ್ ರಾಬರ್ಟ್ ಗ್ಯಾಲಗರ್ ಅವರು 1960ರ ದಶಕದ ಆರಂಭದಲ್ಲಿಯೇ ಕಂಡುಹಿಡಿದಿದ್ದರು. ಆಗಿನ ಯಂತ್ರಗಳಿಗೆ ಆ ಲೆಕ್ಕ ತೀರಾ ಭಾರವಾಗಿದ್ದರಿಂದ ಅದು ಮೂರು ದಶಕಗಳ ಕಾಲ ಹೆಚ್ಚುಕಡಿಮೆ ಮರೆತೇಹೋಗಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಹೀಗಾಗಿ ನನ್ನ ಪಾಲಿಗೆ ಇದ್ದದ್ದು ಟಿವಿಯ ಮೆನುವಿನೊಳಗಿನ ಎರಡು ಪಟ್ಟಿಗಳು ಮಾತ್ರ. ಒಂದು ಸಿಗ್ನಲ್‌ನ ಸಾಮರ್ಥ್ಯವನ್ನೂ ಇನ್ನೊಂದು ಗುಣಮಟ್ಟವನ್ನೂ ತೋರಿಸುತ್ತದೆ. ಮೊದಲ ಸಲ ಹುಡುಕಾಟ ನಡೆಸಿದಾಗ ಎರಡೂ ಸೊನ್ನೆಯಲ್ಲಿದ್ದವು.

ಆಂಟೆನಾವನ್ನು ಕೆಳಗಿಳಿಸಿ ನೋಡಿದೆ. ಅದು ಯಾಗಿ-ಉಡಾ ಮಾದರಿಯದು. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರಲ್ಲಿ ಜಗತ್ತಿಗೆ ತಿಳಿಸಿದ ರೂಪವೇ ಇಂದಿಗೂ ಮನೆಗಳ ಮೇಲೆ ನಿಂತಿದೆ. ಒಂದು ಉದ್ದ ಕೊಳವೆಯ ಮೇಲೆ ಅಡ್ಡಡ್ಡ ಅಲ್ಯೂಮಿನಿಯಂ ಕಡ್ಡಿಗಳಿವೆ. ಹಿಂದಿನದು ಅಲೆಯನ್ನು ತಡೆದು ಮುಂದಕ್ಕೆ ಎಸೆಯುತ್ತದೆ, ಮುಂದಿನವು ಅದನ್ನು ಒಂದೇ ದಿಕ್ಕಿನಿಂದ ಸೆಳೆಯುತ್ತವೆ, ನಡುವಿನ ಒಂದು ಕಡ್ಡಿಗೆ ಮಾತ್ರ ಕೇಬಲ್ ಜೋಡಣೆಯಿರುತ್ತದೆ. ಆ ಕಡ್ಡಿಯನ್ನು ಅಳೆದಾಗ ಸುಮಾರು ಒಂದಡಿ ಇತ್ತು. ನಮ್ಮ ಗೋಪುರದ ಆವರ್ತನ 498 ಮೆಗಾಹರ್ಟ್ಸ್, ಅದರ ತರಂಗಾಂತರ ಸುಮಾರು 60 ಸೆಂಟಿಮೀಟರ್, ಅದರ ಅರ್ಧ ಹತ್ತಿರಹತ್ತಿರ ಒಂದಡಿ. ಡಿಜಿಟಲ್ ಪ್ರಸಾರಕ್ಕೆ ಬೇರೆಯದೇ ಆಂಟೆನಾ ಬೇಕೆಂದು ಅನೇಕರು ನಂಬಿದ್ದಾರೆ, ಅದು ಸರಿಯಲ್ಲ. ಅಲೆ ಹೊತ್ತು ತರುವುದು ಅನಲಾಗ್ ಚಿತ್ರವನ್ನೋ ಅಂಕಿಗಳನ್ನೋ ಎಂಬುದು ಕಡ್ಡಿಗಳಿಗೆ ತಿಳಿಯದು, ಅಳತೆ ಹೊಂದಿದರೆ ಸಾಕು.

ದೋಷವಿದ್ದದ್ದು ಕೇಬಲ್‌ನಲ್ಲಿ. ಆಂಟೆನಾದ ಡಬ್ಬಿಯ ಮುಚ್ಚಳ ಸೀಳಿತ್ತು. ಕೇಬಲ್‌ನ ಹೊರಕವಚವನ್ನು ಚಾಕುವಿನಿಂದ ಸೀಳಿದಾಗ ಒಳಗಿನ ತಾಮ್ರದ ಜಾಲರಿ ಕಿಲುಬು ಹಿಡಿದು ಹಸಿರು ಪುಡಿಯಾಗಿ ಬೆರಳಿಗಂಟಿತು. ಇನ್ನೂ ಒಂದು ಮಾರು ಕೆಳಗೆ ಕತ್ತರಿಸಿದೆ, ಅಲ್ಲಿಯೂ ಹಸಿರೇ ಇತ್ತು, ಜೊತೆಗೆ ನೀರಿನ ಪಸೆಯೂ ಇತ್ತು. ಮೇಲಿನ ಸೀಳಿನಿಂದ ಇಳಿದ ಮಳೆನೀರು ಜಾಲರಿಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಹರಡಿಕೊಂಡು ಇಡೀ ಕೇಬಲನ್ನು ತಿಂದಿತ್ತು. ಹೊಸ 75 ಓಮ್ ಕೇಬಲ್ ಎಳೆದೆ. ಜಾಲರಿಯ ಒಂದೇ ಒಂದು ಕೂದಲೆಳೆ ನಡುವಿನ ತಂತಿಗೆ ತಾಗಿದರೂ ಸಿಗ್ನಲ್ ಅಲ್ಲಿಯೇ ಸಾಯುತ್ತದೆ. ಆದ್ದರಿಂದ ತುದಿಯನ್ನು ಬೆಳಕಿಗೆ ಹಿಡಿದು ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ ಕನೆಕ್ಟರ್ ತಿರುಗಿಸಿದೆ. ಕೇಬಲ್ ಮೇಲಿನಿಂದ ನೇರವಾಗಿ ಇಳಿಯದೆ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತೆ ಒಂದು ಕುಣಿಕೆ ಬಿಟ್ಟೆ, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗಲಿ ಎಂದು.

ಈಗ ಸಾಮರ್ಥ್ಯದ ಪಟ್ಟಿ ಏರಿತು. ಆಂಟೆನಾವನ್ನು ನಿಧಾನವಾಗಿ ತಿರುಗಿಸುತ್ತ, ಅದು ಅತಿ ಹೆಚ್ಚು ತೋರಿಸಿದಲ್ಲಿ ನಿಲ್ಲಿಸಿ ಬೋಲ್ಟ್ ಬಿಗಿದೆ. ಸಾಮರ್ಥ್ಯ 86, ಗುಣಮಟ್ಟ 100. ಸ್ವಯಂಚಾಲಿತ ಹುಡುಕಾಟ ಮುಗಿಯುವಷ್ಟರಲ್ಲಿ ಚಾನೆಲ್‌ಗಳ ಉದ್ದದ ಪಟ್ಟಿಯೇ ಬಂತು. ಅನಲಾಗ್ ಕಾಲದಲ್ಲಿ ಒಂದೇ ಕಾರ್ಯಕ್ರಮಕ್ಕೆ ಬೇಕಾಗುತ್ತಿದ್ದ 8 ಮೆಗಾಹರ್ಟ್ಸ್ ಜಾಗದಲ್ಲಿ ಈಗ ಹಲವು ಚಾನೆಲ್‌ಗಳು ಒಟ್ಟಿಗೆ ಪ್ರಯಾಣ ಮಾಡುತ್ತವೆ. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ವಾರ್ತಾವಾಚಕರ ಅಂಗಿಯ ನೇಯ್ಗೆಯೂ ಕಾಣುತ್ತಿತ್ತು.

ಅಮ್ಮ ಎರಡು ನಿಮಿಷ ನೋಡಿ, ‘ಇದು ನಮ್ಮ ವಾರ್ತೆಯಲ್ಲ’ ಎಂದರು. ನಾನು ನಂಬಲಿಲ್ಲ, ಚಾನೆಲ್‌ನ ಹೆಸರು ಅದೇ ಇತ್ತು, ಲಾಂಛನವೂ ಅದೇ ಇತ್ತು. ಅವರು ಪರದೆಯ ಕೆಳಗೆ ಓಡುತ್ತಿದ್ದ ಸಾಲನ್ನು ತೋರಿಸಿದರು. ಅದರಲ್ಲಿದ್ದ ಊರುಗಳ ಹೆಸರುಗಳಲ್ಲಿ ಒಂದೂ ನಮ್ಮ ಕಡೆಯದಲ್ಲ, ಎಲ್ಲವೂ ನೆರೆಯ ಪ್ರದೇಶದವು.

ಆಗ ನನಗೆ ನಡೆದದ್ದೇನೆಂದು ಅರ್ಥವಾಯಿತು. ನೆರೆಯ ಪ್ರದೇಶದ ಗೋಪುರ ನಮಗೆ ಉತ್ತರಕ್ಕಿದೆ, ನಡುವೆ ಬಯಲು. ನಮ್ಮ ಗೋಪುರ ವಾಯವ್ಯಕ್ಕೆ 52 ಕಿಲೋಮೀಟರ್ ದೂರದಲ್ಲಿದೆ, ನಡುವೆ ಒಂದು ಬೆಟ್ಟದ ಸಾಲು. ಎರಡೂ ಒಂದೇ ಚಾನೆಲ್ಲನ್ನು ಬೇರೆಬೇರೆ ಆವರ್ತನಗಳಲ್ಲಿ, ತಮ್ಮ ತಮ್ಮ ಪ್ರದೇಶದ ವಾರ್ತೆಯೊಂದಿಗೆ ಕಳಿಸುತ್ತವೆ. ಟಿವಿಯ ಹುಡುಕಾಟಕ್ಕೆ ನಾವು ಎಲ್ಲಿ ವಾಸಿಸುತ್ತೇವೆ ಎಂಬುದು ಗೊತ್ತಿರುವುದಿಲ್ಲ. ಬಲವಾಗಿ ಸಿಕ್ಕಿದ್ದನ್ನು ಅದು ಪಟ್ಟಿಯ ಮೇಲಿಟ್ಟಿತು, ನಾನೂ ಅದರಂತೆಯೇ ಹೆಚ್ಚಿನ ಅಂಕಿಯನ್ನು ಹಿಂಬಾಲಿಸಿದೆ. ದಿಕ್ಸೂಚಿ ಹಿಡಿದು ನೋಡುವ ಮೊದಲೇ ಬೋಲ್ಟ್ ಬಿಗಿದದ್ದು ತಪ್ಪಾಗಿತ್ತು.

ಹಿಂದಿನ ಪಟ್ಟಿಯನ್ನೆಲ್ಲ ಅಳಿಸಿ, ಕೈಯಾರೆ ಹುಡುಕುವ ಆಯ್ಕೆಗೆ ಹೋಗಿ 498 ಎಂದು ನಮೂದಿಸಿ, ಮೇಲೆ ಹೋಗಿ ಆಂಟೆನಾವನ್ನು ವಾಯವ್ಯಕ್ಕೆ ತಿರುಗಿಸಿದೆ. ಸಾಮರ್ಥ್ಯ 38, ಗುಣಮಟ್ಟ ಒಮ್ಮೆ 20, ಒಮ್ಮೆ 45, ಮತ್ತೆ ಸೊನ್ನೆ. ಅಲೆ ಬೆಟ್ಟದ ನೆತ್ತಿಯನ್ನು ಸವರಿ ಬಾಗಿ ಇಳಿಯುವಾಗ ಬಹುಪಾಲು ಬಲವನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಬಲ ಸಾಲದಿದ್ದರೆ ಕೂಡಿಸೋಣ ಎಂದು ಕಂಬಕ್ಕೆ ಒಂದು ಆಂಪ್ಲಿಫೈಯರ್ ಕಟ್ಟಿದೆ. ಸಾಮರ್ಥ್ಯ ಒಮ್ಮೆಲೇ 95ಕ್ಕೆ ಜಿಗಿಯಿತು, ಗುಣಮಟ್ಟ ಸೊನ್ನೆಗಿಳಿದು ಅಲ್ಲಿಯೇ ಕೂತಿತು.

ಇದನ್ನು ಅರ್ಥ ಮಾಡಿಕೊಳ್ಳಲು ಅರ್ಧ ಗಂಟೆ ನೆರಳಲ್ಲಿ ಕೂತು ಯೋಚಿಸಬೇಕಾಯಿತು. ಆ ಆಂಪ್ಲಿಫೈಯರ್ 470ರಿಂದ 862 ಮೆಗಾಹರ್ಟ್ಸ್‌ವರೆಗಿನ ಎಲ್ಲವನ್ನೂ ಹಿಗ್ಗಿಸುವಂಥದ್ದು. ಹಿಂದೆ ಆ ಇಡೀ ಆವರ್ತನ ಶ್ರೇಣಿ ಟಿವಿಯದೇ ಆಗಿತ್ತು, ಈಗ ಅದರ ಮೇಲ್ಭಾಗವನ್ನು ಮೊಬೈಲ್ ಜಾಲಗಳಿಗೆ ಬಿಟ್ಟುಕೊಡಲಾಗಿದೆ. ನಮ್ಮ ಮಾಳಿಗೆಯಿಂದ ಕಾಣುವಷ್ಟು ಹತ್ತಿರದಲ್ಲಿ ಒಂದು ಮೊಬೈಲ್ ಗೋಪುರವಿದೆ. ನೆರೆಯ ಪ್ರದೇಶದ ಬಲವಾದ ಅಲೆ, ಮೊಬೈಲ್ ಗೋಪುರದ ಇನ್ನೂ ಬಲವಾದ ಅಲೆ, ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸಲು ಹೋಗಿ ಆಂಪ್ಲಿಫೈಯರ್ ಉಸಿರುಗಟ್ಟಿ ತಾನೇ ಗದ್ದಲವನ್ನು ಹುಟ್ಟಿಸುತ್ತಿತ್ತು. ಸಾಮರ್ಥ್ಯದ ಪಟ್ಟಿಗೆ ಗದ್ದಲವೂ ಒಂದೇ, ಸಿಗ್ನಲ್ಲೂ ಒಂದೇ. ನಂಬಬೇಕಾದದ್ದು ಎರಡನೆಯ ಪಟ್ಟಿಯನ್ನು. ಆಂಪ್ಲಿಫೈಯರನ್ನು ಬಿಚ್ಚಿಟ್ಟೆ.

ಉಳಿದ ದಾರಿಯೆಂದರೆ ಎತ್ತರ ಮತ್ತು ಜಾಗ. ಒಂದು ಮೀಟರ್ ಉದ್ದದ ಕೊಳವೆ ಸೇರಿಸಿ ಕಂಬವನ್ನು ಎತ್ತರಿಸಿದೆ. ಆದರೆ ಮೇಲೆ ನಿಂತವನಿಗೆ ಪರದೆ ಕಾಣದು, ಪ್ರತಿ ಬದಲಾವಣೆಗೂ ಇಳಿದು ಹತ್ತುವುದರಲ್ಲಿ ಸಂಜೆಯಾಗುತ್ತಿತ್ತು. ಫೋನಿನಲ್ಲಿ ಅಮ್ಮನಿಗೆ ಕರೆ ಮಾಡಿದೆ. ಮೊದಲನೆಯ ಅಂಕಿ ಬೇಡ, ಎರಡನೆಯದನ್ನು ಮಾತ್ರ ಹೇಳುತ್ತಿರಿ ಎಂದೆ. ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸಿತು. ‘ಮೂವತ್ತು. ಮೂವತ್ತೆರಡು. ಇಪ್ಪತ್ತಾಯಿತು. ತಡಿ, ಬೇಗ ತಿರುಗಿಸಬೇಡ, ಇದು ತಡವಾಗಿ ಹೇಳುತ್ತದೆ.’ ಅದು ನಿಜವಾಗಿತ್ತು. ಟ್ಯೂನರ್‌ಗೆ ಸಿಗ್ನಲ್ ಹಿಡಿದು ಎಣಿಸಿ ಅಂಕಿ ತೋರಿಸಲು ನಾಲ್ಕೈದು ಸೆಕೆಂಡು ಬೇಕು, ನಾನು ಅಷ್ಟರೊಳಗೆ ಮುಂದಿನ ದಿಕ್ಕಿಗೆ ಹೋಗಿಬಿಡುತ್ತಿದ್ದೆ. ಅಲ್ಲಿಂದಾಚೆಗೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಮ್ಮ ಅಂಕಿ ಹೇಳುವ ತನಕ ಕೈ ಕಟ್ಟಿ ನಿಂತೆ. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಾನಿದ್ದೆ, ಅಮ್ಮ ತಮ್ಮ ಹಳೆಯ ಜಾಗದಲ್ಲಿಯೇ ಇದ್ದರು, ಬಾಗಿಲಲ್ಲಿ ಮಾತ್ರ ಯಾರೂ ಇರಲಿಲ್ಲ.

ದಿಕ್ಕು ಸರಿಹೋದ ಮೇಲೂ ಗುಣಮಟ್ಟ 55ನ್ನು ದಾಟಲಿಲ್ಲ. ಕಂಬದ ಹಿಂದೆಯೇ ಲೋಹದ ನೀರಿನ ತೊಟ್ಟಿಯಿತ್ತು. ದೂರದಿಂದ ಪ್ರತಿಫಲಿಸಿ ಬರುವ ಅಲೆಗಳನ್ನು ಡಿಜಿಟಲ್ ಪದ್ಧತಿ ಚೆನ್ನಾಗಿ ಸಹಿಸಿಕೊಳ್ಳುತ್ತದೆ. ದತ್ತಾಂಶವನ್ನು ಸಾವಿರಾರು ಸಣ್ಣ ವಾಹಕ ಅಲೆಗಳಿಗೆ ಹಂಚಿ, ಪ್ರತಿ ಕಂತಿನ ಮುಂದೆ ಒಂದು ಕಾವಲು ಅವಧಿಯನ್ನು ಬಿಟ್ಟಿರುತ್ತಾರೆ. ಮೊದಲ ಪೀಳಿಗೆಯ ಡಿವಿಬಿ-ಟಿಯ ಒಂದು ಬಗೆಯಲ್ಲಿ 6,817 ವಾಹಕಗಳಿದ್ದು, ಕಾವಲು ಅವಧಿ 224 ಮೈಕ್ರೋಸೆಕೆಂಡಿನವರೆಗೆ ಇರಬಲ್ಲದು. ಅಷ್ಟರಲ್ಲಿ ಅಲೆಯು ಸುಮಾರು 67 ಕಿಲೋಮೀಟರ್ ಸಾಗುತ್ತದೆ, ಅಂದರೆ ಅಷ್ಟು ಸುತ್ತಿ ಬಂದ ಪ್ರತಿಫಲನವೂ ಮುಂದಿನ ಕಂತನ್ನು ಕೆಡಿಸುವುದಿಲ್ಲ. ಆದರೆ ಬೆನ್ನಿಗೇ ಇರುವ ತೊಟ್ಟಿಯಿಂದ ಮರಳುವ ಅಲೆಯು ನೇರವಾಗಿ ಬಂದ ಅಲೆಯನ್ನೇ ಆಂಟೆನಾದಲ್ಲಿ ಅಳಿಸಿಹಾಕಬಲ್ಲದು, ದುರ್ಬಲ ಸಿಗ್ನಲ್‌ಗೆ ಆ ನಷ್ಟವನ್ನು ತಾಳುವ ಶಕ್ತಿಯಿರುವುದಿಲ್ಲ. 60 ಸೆಂಟಿಮೀಟರ್ ಉದ್ದದ ಅಲೆಗೆ ಒಂದು ಗೇಣು ಸರಿಯುವುದೆಂದರೂ ದೊಡ್ಡ ಬದಲಾವಣೆಯೇ. ಕಂಬವನ್ನು ಗೋಡೆಯ ಉದ್ದಕ್ಕೂ ಗೇಣುಗೇಣಾಗಿ ಸರಿಸುತ್ತ ಹೋದೆ. ‘ಐವತ್ತೆಂಟು. ಎಪ್ಪತ್ತು. ಎಂಬತ್ತೊಂಬತ್ತು.’ ಕೊನೆಗೆ ಅಮ್ಮನ ದನಿ ಸ್ವಲ್ಪ ಏರಿತು. ‘ನೂರು. ನೂರರಲ್ಲೇ ನಿಂತಿದೆ. ಅಲ್ಲೇ ಬಿಡು!’

ಕೆಳಗೆ ಬಂದು ನೋಡಿದಾಗ ಸಾಮರ್ಥ್ಯ 44 ಇತ್ತು. ಬೆಳಿಗ್ಗೆ ನನ್ನನ್ನು ಮೋಸಗೊಳಿಸಿದ 86ರ ಸುಮಾರು ಅರ್ಧ, ಆದರೂ ಚಿತ್ರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ವಾರ್ತೆಯ ಹೊತ್ತಿಗೆ ಮತ್ತೆ ಮಳೆ ಹಿಡಿಯಿತು. ನನಗೆ ಒಳಗೊಳಗೇ ಭಯವಿತ್ತು, ಆದರೆ ಉಪಗ್ರಹ ಪ್ರಸಾರದ ಗಿಗಾಹರ್ಟ್ಸ್ ಅಲೆಗಳನ್ನು ಹೀರಿಬಿಡುವ ಮಳೆಹನಿಗಳು ಈ ಉದ್ದದ ಅಲೆಗಳನ್ನು ಹೆಚ್ಚು ಬಾಧಿಸುವುದಿಲ್ಲ, ಅಂಕಿ ಕದಲಲಿಲ್ಲ. ಪರದೆಯಲ್ಲಿ ನಮ್ಮ ಕಡೆಯ ಊರುಗಳ ಹೆಸರುಗಳು, ಅವುಗಳ ಎದುರು ಮಿಲಿಮೀಟರ್‌ಗಳಲ್ಲಿ ಮಳೆಯ ಲೆಕ್ಕ ಬರತೊಡಗಿತು. ಮೇಲಿನ ಎರಡನೆಯ ಬೋಲ್ಟ್ ಬಿಗಿಯುವುದನ್ನು ಮರೆತದ್ದು ನನಗೆ ಆಗ ನೆನಪಾಯಿತು. ಕೊಡೆ ಹಿಡಿದು ಎದ್ದೆ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ಫೋನನ್ನು ಕೈಗೆತ್ತಿಕೊಂಡು, ‘ಹೋಗು, ನಾನು ಹೇಳುತ್ತಿರುತ್ತೇನೆ’ ಎಂದರು.